ಚುಕ್ಕಿ ಇದ್ದರೆ ಇದೆ, ಗೆರೆ ಇದ್ದರೆ ಇಲ್ಲ

ಮಾರ್ಚ್ ೪

ತಮ್ಮನಿಗೆ,

ಐದು ತಿಂಗಳಿಂದ ನಿನಗೆ ಬರೆದಿಲ್ಲ. ಯಾಕೆಂದು ಕೇಳಬೇಡ, ಕೇಳಿದರೆ ಹೇಳಲು ನನಗೂ ತಿಳಿಯುವುದಿಲ್ಲ. ಈಗಲೂ ಯೋಗಕ್ಷೇಮ ವಿಚಾರಿಸಲು ಕೂತಿಲ್ಲ, ಕೆಲಸವಿದ್ದು ಬರೆಯುತ್ತಿದ್ದೇನೆ. ನೀನು ಜೈಲಿಗೆ ಹೋಗಿ ನಾಲ್ಕು ವರ್ಷವಾಯಿತು, ನನಗೆ ನಂಬಿಕೆಯಿರುವ ಇನ್ನೊಬ್ಬ ಮೆಕ್ಯಾನಿಕ್ ಇವತ್ತಿನವರೆಗೂ ಸಿಕ್ಕಿಲ್ಲ. ನಂಬಿಕೆ ಎಂಬ ಮಾತನ್ನು ಹೊಡೆದುಹಾಕೋಣ ಅಂದುಕೊಂಡೆ. ಹಾಳೆ ಗಲೀಜಾಗುತ್ತದೆಂದು ಬಿಟ್ಟೆ.

ಹಳೆಯ ಕಾರು ಮುಗಿಯಿತು. ಗ್ಯಾರೇಜಿನವನು ಬಾನೆಟ್ ಎತ್ತಿ ಅರ್ಧ ಗಂಟೆ ಒಳಗೆ ತಲೆ ಹಾಕಿಕೊಂಡಿದ್ದು, ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದು, ಆಪರೇಷನ್ ಕೋಣೆಯಿಂದ ಹೊರಗೆ ಬರುವ ಡಾಕ್ಟರರ ಹಾಗೆ ಸುಮ್ಮನೆ ತಲೆಯಾಡಿಸಿದ. ನಾನು ಎಷ್ಟೋ ಜನರಿಗೆ ಹಾಗೆ ತಲೆಯಾಡಿಸಿದವಳು, ಅರ್ಥವಾಯಿತು.

ಕಾರಿಲ್ಲದೆ ನನ್ನ ಕೆಲಸವಿಲ್ಲ. ಆಸ್ಪತ್ರೆ ಬಿಟ್ಟು ಮನೆಮನೆಗೆ ಹೋಗುವ ನರ್ಸ್ ಆದ ಮೇಲೆ ದಿನಕ್ಕೆ ನೂರು, ನೂರಿಪ್ಪತ್ತು ಕಿಲೋಮೀಟರ್ ಓಡಬೇಕು. ಹಾಸಿಗೆ ಹುಣ್ಣು, ಮೂತ್ರದ ಟ್ಯೂಬು, ಸಕ್ಕರೆ ಕಾಯಿಲೆಯ ಚುಚ್ಚುಮದ್ದು. ಗುರುವಾರ ಒಬ್ಬ ಹೆಂಗಸನ್ನು ವ್ಯಾಯಾಮ ಚಿಕಿತ್ಸೆಗೆ ಕರೆದುಕೊಂಡು ಹೋಗಿ ಬರುವುದು. ಅವರಿಗೆ ಸೊಂಟ ಪೂರ್ತಿ ಮಡಿಸಲಾಗುವುದಿಲ್ಲ. ಇಷ್ಟು ಓಡಾಟಕ್ಕೆ ಡೀಸೆಲ್ಲೇ ಸರಿ ಎಂದು ಎಲ್ಲರೂ ಅಂದರು. ನನ್ನ ಬೀದಿಯ ಅಗಲಕ್ಕೆ ಹಿಂದೆ ಡಿಕ್ಕಿ ಚಾಚಿಕೊಳ್ಳದ ಹ್ಯಾಚ್‌ಬ್ಯಾಕೇ ಸರಿ. ಯಾವ ಕಾರೆಂಬುದೂ ನಿಶ್ಚಯವಾಯಿತು. ಕಷ್ಟ ಶುರುವಾದದ್ದು ಅಲ್ಲಿಂದ ಮುಂದೆ.

ಒಂದೇ ಕಾರು, ಮೂರು ವೇರಿಯಂಟ್. ಬೇಸ್, ಮಿಡ್, ಟಾಪ್. ಶೋರೂಮಿನಲ್ಲಿ ನಗುವುದನ್ನೇ ನಿಲ್ಲಿಸದ ಒಬ್ಬ ಮಾರಾಟಗಾರನಿದ್ದಾನೆ, ನಾನು ಮನಸ್ಸಿನಲ್ಲೇ ನಗುಮುಖ ಎಂದು ಹೆಸರಿಟ್ಟಿದ್ದೇನೆ. "ವ್ಯತ್ಯಾಸ ಏನಪ್ಪಾ?" ಅಂದೆ.

"ಮೇಡಂ, ಬೇಸಲ್ಲಿ ಬೇಕಾದ್ದೆಲ್ಲಾ ಇದೆ. ಮಿಡ್ಡಲ್ಲಿ ಎಲ್ಲಾನೂ ಇದೆ. ಟಾಪಲ್ಲಿ ಎಲ್ಲಾದಕ್ಕಿಂತ ಜಾಸ್ತಿ ಇದೆ."

"ಎಲ್ಲಾದಕ್ಕಿಂತ ಜಾಸ್ತಿ ಅಂದ್ರೆ ಏನಿರುತ್ತೆ?"

"ಅದೇ ಮೇಡಂ ಫೀಲಿಂಗು."

ಮನೆಗೆ ಬಂದು ಪುಸ್ತಿಕೆ ಬಿಡಿಸಿ ಕೂತೆ. ಎಪ್ಪತ್ತಾರು ಸಾಲಿನ ಪಟ್ಟಿ. ಚುಕ್ಕಿ ಇದ್ದರೆ ಇದೆ, ಗೆರೆ ಇದ್ದರೆ ಇಲ್ಲ, ಸೊನ್ನೆ ಇದ್ದರೆ 'ಬೇಕಾದರೆ ಕೇಳಿ'. ತಲೆ ಚಿಟ್ಟು ಹಿಡಿದು ಹೋಯಿತು. ಪುಸ್ತಿಕೆಯನ್ನು ಇದರ ಜೊತೆ ಕಳಿಸಿದ್ದೇನೆ. ಮೂರರಲ್ಲಿ ಯಾವುದು ಎಂದಷ್ಟೇ ಬರೆ. ಬೇರೇನೂ ಬರೆಯಬೇಕಾಗಿಲ್ಲ.

ಅಕ್ಕ


ಮಾರ್ಚ್ ೧೭

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದ ದಿನ ಇಲ್ಲಿ ಹಬ್ಬವೋ ಹಬ್ಬ. ನಾಲ್ಕು ವರ್ಷದಲ್ಲಿ ನನ್ನನ್ನು ಯಾರಾದರೂ ಏನಾದರೂ ಸಲಹೆ ಕೇಳಿದ್ದು ಇದೇ ಮೊದಲು. ಇಲ್ಲಿ ಎಲ್ಲರೂ ನಮಗೆ ಹೇಳುವವರೇ.

ಪುಸ್ತಿಕೆ ಇಡಿಯಾಗಿ ಬರಲಿಲ್ಲ. ಪಿನ್ನು ಒಳಗೆ ಬಿಡುವಂತಿಲ್ಲವೆಂದು ಕಿತ್ತುಹಾಕಿ, ಬಿಡಿ ಹಾಳೆಗಳ ಕಟ್ಟು ಮಾಡಿ ಕೊಟ್ಟರು. ಪುಟದ ಸಂಖ್ಯೆ ಬೇರೆ ಇಲ್ಲ. ನಾನು, ಪಕ್ಕದ ಮಂಚದ ದರ್ಜಿ, ಇಬ್ಬರೂ ನೆಲದ ಮೇಲೆ ಹರಡಿಕೊಂಡು ಜೋಡಿಸಿದೆವು. ದರ್ಜಿಗೆ ಟಾಪ್ ಮೇಲೆ ಮನಸ್ಸು, ಸೀಟಿನ ಹೊಲಿಗೆ ಅದರಲ್ಲಿ ಜೋಡಿ ದಾರದ್ದಂತೆ. "ನಿಮ್ಮಕ್ಕನಿಗೆ ಅದನ್ನೇ ಹೇಳಪ್ಪಾ, ಒಂಟಿ ಹೊಲಿಗೆ ನಂಬಬಾರದು" ಅಂತ ಮೂರು ದಿನದಿಂದ ಪ್ರಾಣ ತಿನ್ನುತ್ತಿದ್ದಾನೆ.

ನನ್ನ ಮಾತು ಕೇಳು: ಬೇಸ್ ತಗೋ. ಇಲ್ಲದ್ದು ಕೆಡುವುದಿಲ್ಲ. ಇದೇ ನನ್ನ ಇಪ್ಪತ್ತು ವರ್ಷದ ಅನುಭವದ ಸಾರ. ಗುಂಡಿ ಒತ್ತಿದರೆ ಮಡಚುವ ಕನ್ನಡಿ ಒಂದು ದಿನ ಮಡಚಿಕೊಂಡು ಹಾಗೇ ಉಳಿಯುತ್ತದೆ. ತಾನಾಗಿ ಹತ್ತುವ ದೀಪ ತಾನಾಗಿ ಆರುವುದನ್ನು ಮರೆಯುತ್ತದೆ. ಚಾವಣಿಯ ಗಾಜು ಸೋರುತ್ತದೆ. ಎಂಜಿನ್ ಮೂರರಲ್ಲೂ ಒಂದೇ, ಗೇರ್‌ಬಾಕ್ಸ್ ಒಂದೇ. ಮಿಕ್ಕಿದ್ದೆಲ್ಲ ಜುಟ್ಟಿಗೆ ಮಲ್ಲಿಗೆ. ಬೇಸ್‌ನಲ್ಲಿ ಹಿಂದಿನ ಗಾಜಿಗೆ ವೈಪರ್ ಇದೆ, ಪವರ್ ಕಿಟಕಿ ನಾಲ್ಕಕ್ಕೂ ಇದೆ, ಇನ್ನೇನು ಬೇಕು?

ತಗೊಂಡ ಮೇಲೆ ಮೊದಲ ಸಾವಿರ ಕಿಲೋಮೀಟರ್ ಎಂಜಿನ್ನನ್ನು ಜೋರಾಗಿ ಎಳೆಯಬೇಡ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಹೊರಡಬೇಡ, ಡೀಸೆಲ್ ಎಂಜಿನ್ ಎದ್ದು ಮುಖ ತೊಳೆಯುವವರೆಗೆ ಸ್ವಲ್ಪ ಕಾಯಬೇಕು. ಇನ್ನೂ ಬರೆಯುತ್ತಿದ್ದೆ, ಹಾಳೆ ಎರಡೇ ಕೊಡುವುದು.

ಒಂದು ಮಾತು. ನನ್ನ ನಡತೆ ಚೆನ್ನಾಗಿದೆಯೆಂದು ಅವಧಿಗೆ ಮೊದಲೇ ಬಿಡುವ ಯೋಚನೆ ಇವರಿಗಿದೆ. ಬಿಡಬೇಕಾದರೆ ಹೋಗಿ ಇರಲು ಒಂದು ವಿಳಾಸ, ಅಲ್ಲಿ ಇಟ್ಟುಕೊಳ್ಳುವವರ ಸಹಿ ಬೇಕು. ನಿನಗೆ ಒಂದು ಫಾರಂ ಬಂದಿರಬಹುದು. ಅವಸರವಿಲ್ಲ.

ನಿನ್ನ ತಮ್ಮ


ಏಪ್ರಿಲ್ ೧

ತಮ್ಮನಿಗೆ,

ನೀನೂ ನಿನ್ನ ದರ್ಜಿಯೂ ಸೇರಿ ನೋಡಿದ್ದು ಪೆಟ್ರೋಲ್ ಕಾರಿನ ಪಟ್ಟಿ!

ಶೋರೂಮಿಗೆ ಹೋಗಿ ಗತ್ತಿನಲ್ಲಿ "ಬೇಸ್ ಕೊಡಿ, ಹಿಂದಿನ ವೈಪರ್ ಇದೆಯಲ್ಲ, ಸಾಕು" ಅಂದೆ. ನಗುಮುಖ ಇನ್ನೂ ಅಗಲವಾಗಿ ನಕ್ಕ. "ಮೇಡಂ, ಅದು ಪೆಟ್ರೋಲಲ್ಲಿ. ಡೀಸೆಲ್ ಬೇಸಲ್ಲಿ ವೈಪರೂ ಇಲ್ಲ, ಹಿಂದಿನ ಕಿಟಕಿ ಕೈಯಲ್ಲೇ ತಿರುಗಿಸ್ಬೇಕು. ಡೀಸೆಲ್ ಮಿಡ್ ಅಂದ್ರೆ ಪೆಟ್ರೋಲ್ ಬೇಸ್ ಇದ್ದ ಹಾಗೆ. ಆದ್ರೆ ಡೀಸೆಲ್ ಮಿಡ್ಡಲ್ಲಿ ಎರಡು ಥರ. ಮಿಡ್ಡು, ಮಿಡ್ ಪ್ಲಸ್ಸು."

ಮೂರಿದ್ದದ್ದು ನಾಲ್ಕಾಯಿತು. ಮಿಡ್ ಪ್ಲಸ್‌ನಲ್ಲಿ ಹಿಂದಕ್ಕೆ ತೆಗೆಯುವಾಗ ತೋರಿಸುವ ಕ್ಯಾಮೆರಾ ಇದೆ, ಮಂಜಿನ ದೀಪ ಇಲ್ಲ. ಬರೀ ಮಿಡ್‌ನಲ್ಲಿ ಮಂಜಿನ ದೀಪ ಇದೆ, ಕ್ಯಾಮೆರಾ ಇಲ್ಲ. ಪ್ಲಸ್ ಎಂದರೆ ಕೂಡುವುದು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಕಾರಿನವರ ಶಾಲೆ ಬೇರೆ ಇರಬೇಕು.

ಎಲ್ಲರನ್ನೂ ಕೇಳಿ ಕೇಳಿ ಕೆಟ್ಟೆ. ನಾನು ಟ್ಯೂಬು ಬದಲಿಸಲು ಹೋಗುವ ಮನೆಯ ನಿವೃತ್ತ ಹೆಡ್‌ಮಾಸ್ಟರು ಮಲಗಿದಲ್ಲಿಂದಲೇ "ಟಾಪೇ ತಗೊಳ್ಳಮ್ಮ, ಆಮೇಲೆ ಕೊರಗ್ಬಾರ್ದು" ಎನ್ನುತ್ತಾರೆ. ಅವರ ಹೆಂಡತಿ ಅಡುಗೆಮನೆಯಿಂದ "ತಗೊಂಡ್ಮೇಲೂ ಕೊರಗೋರು ಕೊರಗ್ತಾರೆ" ಎನ್ನುತ್ತಾರೆ. ಇಬ್ಬರೂ ಸರಿ ಅನ್ನಿಸುತ್ತದೆ. ಬೆಳಿಗ್ಗೆ ಮಿಡ್ ಎಂದು ಎದ್ದರೆ ಮಧ್ಯಾಹ್ನಕ್ಕೆ ಬೇಸ್, ದೀಪ ಹಚ್ಚುವ ಹೊತ್ತಿಗೆ ಕಾರೇ ಬೇಡ, ಬಸ್ಸಿನಲ್ಲಿ ಹೋಗುತ್ತೇನೆ.

ಈಗ ಒಂದೇ ಪ್ರಶ್ನೆ ಉಳಿದಿದೆ, ಅದನ್ನು ಸರಿಯಾದ ಪಟ್ಟಿ ನೋಡಿ ಹೇಳು. ಹರಿದು ಕಳಿಸಿದ್ದೇನೆ, ಪಿನ್ನಿಲ್ಲ. ಬೇಸ್‌ನಲ್ಲಿ ಡಿಕ್ಕಿಯಾದಾಗ ಉಬ್ಬುವ ಗಾಳಿಚೀಲ ಎರಡು, ಟಾಪ್‌ನಲ್ಲಿ ಆರು. ಬೇಸ್‌ನಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್, ಟಾಪ್‌ನಲ್ಲಿ ನಾಲ್ಕಕ್ಕೂ ಡಿಸ್ಕ್. ಇದರಲ್ಲಿ ನಿಜವಾಗಿ ಜೀವ ಉಳಿಸುವುದು ಯಾವುದು, ಫೀಲಿಂಗ್ ಯಾವುದು? ಬ್ರೇಕಿನ ವಿಷಯ ನಿನಗೆ ಗೊತ್ತಿರುವಷ್ಟು ನಗುಮುಖನಿಗೆ ಗೊತ್ತಿರಲಾರದು.

ಅಕ್ಕ


ಮೇ ೩೦

ಅಕ್ಕಾ,

ಎರಡು ತಿಂಗಳಾಯಿತು ಎಂದು ಗೊತ್ತು. ನಾಲ್ಕು ಸಲ ಬರೆದು ಹರಿದೆ. ದರ್ಜಿ ಕೇಳುವುದನ್ನೂ ಬಿಟ್ಟ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಗಾಳಿಚೀಲ ಆರಿರುವುದು ಒಳ್ಳೆಯದು, ಅದು ಫೀಲಿಂಗ್ ಅಲ್ಲ. ಡ್ರಮ್ಮಿಗಿಂತ ಡಿಸ್ಕ್ ಒಳ್ಳೆಯದು, ಆದರೆ ನಿನ್ನ ವೇಗಕ್ಕೆ ಡ್ರಮ್ ಸಾಕು. ಯಾವುದೇ ಆದರೂ, ಕಾರನ್ನು ನಿಲ್ಲಿಸುವುದು ಒಳಗಿನ ಎಣ್ಣೆಯ ಒತ್ತಡ. ಆ ಎಣ್ಣೆಯನ್ನು ಚಕ್ರದವರೆಗೆ ಒಯ್ಯುವುದು ಕಿರುಬೆರಳು ದಪ್ಪದ ರಬ್ಬರ್ ಪೈಪು. ನಿನ್ನ ಎಪ್ಪತ್ತಾರು ಸಾಲಿನಲ್ಲಿ ಅದರ ಹೆಸರಿಲ್ಲ. ಅದಕ್ಕೆ ಚುಕ್ಕಿಯೂ ಇಲ್ಲ, ಗೆರೆಯೂ ಇಲ್ಲ.

ನನ್ನ ಕೈಗೆ ಬಂದ ಆ ಬಿಸ್ಕತ್ ಕಾರ್ಖಾನೆಯ ವ್ಯಾನಿನ ಮುಂದಿನ ಎಡ ಪೈಪು ಬಿರುಕು ಬಿಟ್ಟಿತ್ತು. ನಾನು ಕೋರ್ಟಿನಲ್ಲಿ ಏನು ಹೇಳಿದೆನೆಂದು ನಿನಗೆ ನೆನಪಿದೆ. "ಕಣ್ಣಿಗೆ ಬೀಳಲಿಲ್ಲ" ಅಂದೆ. ಬಿದ್ದಿತ್ತು. ಕಣ್ಣಿಗಷ್ಟೇ ಅಲ್ಲ, ಉಗುರಿನಲ್ಲಿ ಒತ್ತಿ ನೋಡಿದೆ, ಬೆರಳಿಗೆ ಎಣ್ಣೆ ಅಂಟಿತು. ಗ್ಯಾರೇಜಿನ ಮಾಲೀಕ ಪಕ್ಕದಲ್ಲೇ ನಿಂತಿದ್ದ. "ಇದು ಬದಲಿಸ್ಬೇಕು" ಅಂದೆ. "ಪೈಪು ಬರೋಕೆ ಒಂದು ವಾರ. ನಾಳೆ ತಪಾಸಣೆ ಇದೆ. ಈಗ ಗಾಡಿ ಸರಿಯಿದೆ ಅಂತ ಸಹಿ ಹಾಕು, ಬಂದ ತಕ್ಷಣ ಹಾಕ್ಸೋಣ. ಒಂದು ವಾರದಲ್ಲಿ ಏನಾಗುತ್ತೆ ಮಾರಾಯ" ಅಂದ. ಅವನು ನನಗೆ ಒಳ್ಳೆಯವನಾಗಿದ್ದ. ಊಟದ ಹೊತ್ತಾಗಿತ್ತು. ಸಹಿ ಹಾಕಿದೆ. ಆರನೆಯ ದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ.

ನೀನು ಕಟಕಟೆಯಲ್ಲಿ ನಿಂತು "ನನ್ನ ತಮ್ಮ ಅಜಾಗರೂಕ, ಕೆಟ್ಟವನಲ್ಲ" ಅಂದೆ. ಆವತ್ತೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಮರುದಿನ ಹೇಳೋಣ ಅಂದುಕೊಂಡೆ. ಹಾಗೇ ನಾಲ್ಕು ವರ್ಷ ಕಳೆಯಿತು.

ಈ ಕಾಗದವನ್ನು ಇಲ್ಲಿನ ಅಧಿಕಾರಿ ಓದಿಯೇ ಕಳಿಸುತ್ತಾರೆ. ಓದಲಿ. ಅವರ ಮುಖದೆದುರೂ ಹೇಳಿದ್ದೇನೆ. ಫಾರಮ್ಮಿಗೆ ಸಹಿ ಹಾಕುವ ಮೊದಲು ನಿನಗೆ ಇದು ಗೊತ್ತಿರಬೇಕು. ನೀನು ಬ್ರೇಕಿನ ಬಗ್ಗೆ ಕೇಳದಿದ್ದರೆ ಈಗಲೂ ಹೇಳುತ್ತಿದ್ದೆನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ.

ತಮ್ಮ


ಜೂನ್ ೬

ಕಾಗದ ತಲುಪಿತು. ಕಾರು ಇನ್ನೂ ಬುಕ್ ಮಾಡಿಲ್ಲ. ನಾನಾಗಿ ಬರೆಯುವವರೆಗೆ ನೀನು ಬರೆಯಬೇಡ.

ಅಕ್ಕ


ಜುಲೈ ೧೯

ತಮ್ಮಾ,

ನಾನು ನಿನಗೆ ಹೇಳದೆ ಇಟ್ಟುಕೊಂಡದ್ದೂ ಇದೆ. ಇವತ್ತು ಅದನ್ನು ಬರೆಯುತ್ತೇನೆ. ಮೊದಲಿಂದ ಕೊನೆಯವರೆಗೆ ಸರಿಯಾಗಿ ಬರುತ್ತದೋ ಇಲ್ಲವೋ, ನನ್ನ ತಲೆಯೊಳಗೆ ಈಗ ಯಾವುದೂ ಸಾಲಾಗಿ ನಿಂತಿಲ್ಲ.

ಆ ವ್ಯಾನಿನವರನ್ನು ಕರೆತಂದಾಗ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದವಳು ನಾನು. ಚಾಲಕ ದಾರಿಯಲ್ಲೇ ಹೋಗಿದ್ದ. ಒಬ್ಬ ಹುಡುಗಿ ನನ್ನ ಕೈಯಲ್ಲೇ ಹೋದಳು. ಅವಳ ಕೂದಲಿನಲ್ಲಿ ಬಿಸ್ಕತ್ತಿನ ಹಿಟ್ಟಿತ್ತು, ಅದು ರಕ್ತದ ಜೊತೆ ಕಲಸಿಕೊಂಡಿತ್ತು. ಮುಖ ತೊಳೆಸಿ ಮನೆಯವರಿಗೆ ತೋರಿಸಿದೆ. ಆ ವ್ಯಾನಿಗೆ ಸಹಿ ಹಾಕಿದವನು ಯಾರೆಂದು ತಿಳಿದದ್ದು ಮರುದಿನ. ಆಸ್ಪತ್ರೆ ಬಿಟ್ಟದ್ದು ಅದಕ್ಕೆ. ಬೆನ್ನುನೋವು ಎಂದು ನಿನಗೆ ಬರೆದಿದ್ದೆ. ನನ್ನ ಬೆನ್ನು ಚೆನ್ನಾಗಿದೆ.

ಗುರುವಾರದ ಹೆಂಗಸು ಅಂತ ಬರೆದಿದ್ದೆನಲ್ಲ, ಅವರು ಆ ವ್ಯಾನಿನಲ್ಲಿದ್ದವರು. ಡಬ್ಬಿ ಕಟ್ಟುವ ವಿಭಾಗದಲ್ಲಿದ್ದರು. ಸೊಂಟದ ಮೂಳೆ ಮೂರು ಕಡೆ ಮುರಿದಿತ್ತು. ನಾನೇ ಕೇಳಿಕೊಂಡು ಅವರ ಮನೆ ನನ್ನ ಪಾಲಿಗೆ ಹಾಕಿಸಿಕೊಂಡೆ. ಮೂರು ವರ್ಷದಿಂದ ಪ್ರತಿ ಗುರುವಾರ. ಅವರಿಗೆ ಗೊತ್ತಿತ್ತು, ನಾನು ಯಾರ ಅಕ್ಕ ಎಂದು. ಕೋರ್ಟಿನಲ್ಲಿ ಗಾಲಿಕುರ್ಚಿಯಲ್ಲಿ ಹಿಂದಿನ ಸಾಲಿನಲ್ಲಿದ್ದರು. ಅವರಿಗೆ ಗೊತ್ತಿದೆಯೆಂದು ನನಗೂ ಗೊತ್ತಿತ್ತು. ಇಬ್ಬರೂ ಆ ಮಾತೆತ್ತಿರಲಿಲ್ಲ. ನೋವು ಹೇಗಿದೆ, ಮೆಟ್ಟಿಲು ಹತ್ತಿದಿರಾ, ಇಷ್ಟೇ. ವ್ಯಾಯಾಮ ಮುಗಿದ ಮೇಲೆ ಅವರ ಮನೆಯ ಮೂರು ಮಹಡಿ ಹತ್ತಲು ಕೂಡಲೇ ಆಗುವುದಿಲ್ಲ. ಅದಕ್ಕೇ ನಮ್ಮ ಮನೆಗೆ ಬಂದು ಒಂದು ಗಂಟೆ ಮಲಗುತ್ತಾರೆ. ನಿನ್ನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ. ನಿನ್ನ ಫಾರಂ ಮಾರ್ಚಿನಿಂದ ಬೀರುವಿನ ಮೇಲೆ ಯಾಕೆ ಬಿದ್ದಿದೆಯೆಂದು ಈಗ ತಿಳಿಯಿತಲ್ಲ.

ನಿನ್ನ ಕಾಗದ ಓದಿದ ಮೇಲೆ ಮೂರು ಗುರುವಾರ ಅವರ ಮುಖ ನೋಡಲಾಗಲಿಲ್ಲ. ಮೊದಲೆಲ್ಲ ನೋಡುತ್ತಿದ್ದೆನಲ್ಲ, ಹೇಗೆ ನೋಡುತ್ತಿದ್ದೆ? 'ತಪ್ಪಿ ಆದದ್ದು' ಎಂಬ ಒಂದು ಮಾತಿನ ಮೇಲೆ ನಿಂತು ನೋಡುತ್ತಿದ್ದೆ. ನೀನು ಆ ಮಣೆಯನ್ನು ಎಳೆದುಕೊಂಡೆ. ಹೇಳಿದೆಯಲ್ಲ ಎಂದು ಒಂದು ಗಳಿಗೆ ಸಮಾಧಾನ, ಯಾಕಾದರೂ ಹೇಳಿದೆ ಎಂದು ಮರುಗಳಿಗೆ ಸಿಟ್ಟು. ಕೋರ್ಟಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಸುಮ್ಮನೆ ಕೂತಿದ್ದೆಯಲ್ಲೋ!

ಕಳೆದ ವಾರ ಅವರನ್ನು ಶೋರೂಮಿಗೆ ಕರೆದುಕೊಂಡು ಹೋದೆ. ಹತ್ತಿ ಇಳಿಯಲು ಯಾವ ಸೀಟು ಆಗುತ್ತದೆ ಎಂದು ಅವರೇ ನೋಡಲಿ ಅಂತ. ಬೇಸ್‌ನಲ್ಲಿ ಸೀಟು ತಗ್ಗು, ಕೂರಲು ಆಗಲೇ ಇಲ್ಲ. ಮಿಡ್, ಮಿಡ್ ಪ್ಲಸ್ ಎರಡರಲ್ಲೂ ಚಾಲಕರ ಸೀಟು ಮಾತ್ರ ಮೇಲೆ ಬರುತ್ತದೆ. ಅಷ್ಟೂ ಸಾಲು ಓದಿದವಳು ಇದೊಂದನ್ನು ನೋಡಿರಲಿಲ್ಲ. ಟಾಪ್‌ನಲ್ಲಿ ಪಕ್ಕದ ಸೀಟಿಗೂ ಒಂದು ಹಿಡಿಕೆ ಇದೆ, ಪಂಪಿನ ಹಾಗೆ ಎತ್ತಿದರೆ ಸೀಟು ಮೇಲೇರುತ್ತದೆ. ಏರಿಸಿದೆ. ಅವರು ಬೆನ್ನು ತಿರುಗಿಸಿ ಕೂತು ಎರಡೂ ಕಾಲು ಒಳಗೆ ತಂದುಕೊಂಡರು. ನನ್ನ ಕೈ ಹಿಡಿಯದೆ! ನಾನು ಸುತ್ತಿ ಬಂದು ಸ್ಟೇರಿಂಗ್ ಮುಂದೆ ಕೂತು ಬಾಗಿಲೆಳೆದೆ. ಹೊರಗಿನ ಸದ್ದೆಲ್ಲ ಒಮ್ಮೆಗೇ ನಿಂತುಹೋಯಿತು. ಅಲ್ಲೇ ಹೇಳಿಬಿಟ್ಟೆ. ಯಾವ ಧೈರ್ಯವೋ ಗೊತ್ತಿಲ್ಲ.

"ನನ್ನ ತಮ್ಮನಿಗೆ ಗೊತ್ತಿತ್ತಂತೆ. ಪೈಪು ಒಡೆದಿರೋದು ನೋಡೇ ಸಹಿ ಹಾಕಿದ್ದಂತೆ. ಈಗ ಬರ್ದಿದಾನೆ."

ಅವರು ಮುಂದಿನ ಗಾಜನ್ನೇ ನೋಡುತ್ತಿದ್ದರು. ಗಾಜಿನಾಚೆ ಯಾರೋ ಹೊಸ ಕಾರಿನ ಕೀಲಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ನಮಗೂ ಗೊತ್ತಿತ್ತು" ಅಂದರು.

"ಏನು?"

"ಡ್ರೈವರ್ ಮೂರು ದಿನದಿಂದ ಹೇಳ್ತಿದ್ದ, ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ. ನಾವು ತಮಾಷೆ ಮಾಡ್ತಿದ್ವಿ, ನಿಲ್ದೇ ಇದ್ರೆ ಬೇಗ ಮನೆ ಸೇರ್ತೀವಿ ಬಿಡು ಅಂತ. ದಿನಾ ಹತ್ತಿದ್ವಿ. ತಡ ಆದ್ರೆ ಕೆಲ್ಸ ಹೋಗುತ್ತಲ್ಲ."

ನನಗೆ ಏನೋ ಭಾರ ಇಳಿದ ಹಾಗಾಯಿತು. ಮುಚ್ಚಿಡುವುದಿಲ್ಲ, ಆ ಕ್ಷಣ ನನ್ನ ಮನಸ್ಸು ನಿನಗಾಗಿ ಬಾಗಿಲು ತೆರೆಯಲು ಎದ್ದೇ ಬಿಟ್ಟಿತ್ತು. ಆಗ ಅವರು ನನ್ನ ಕಡೆ ತಿರುಗಿದರು.

"ಆದ್ರೆ ನಾವು ಸಹಿ ಹಾಕ್ಲಿಲ್ಲ ಕಣಮ್ಮ. ಅವನು ಹಾಕ್ದ."

ಅಷ್ಟರಲ್ಲಿ ನಗುಮುಖ ಕಿಟಕಿ ಬಡಿದ. ನಾವು ಹಾಡು ಕೇಳುತ್ತಿದ್ದೇವೆ ಅಂದುಕೊಂಡಿದ್ದನಂತೆ. "ಸೌಂಡ್ ಹೇಗಿದೆ ಮೇಡಂ? ಟಾಪಲ್ಲಿ ಎಂಟು ಸ್ಪೀಕರ್!" ಅಂದ. ಅವರು ಬಹಳ ಗಂಭೀರವಾಗಿ "ಸ್ಪಷ್ಟವಾಗಿ ಕೇಳ್ಸುತ್ತಪ್ಪ" ಅಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನು ಗಾಬರಿಯಾಗಿ ನೀರು ತರಲು ಓಡಿದ.

ದಾರಿಯಲ್ಲಿ ಬಾಡಿಗೆ ಕಾರಿನಲ್ಲಿ ಬರುವಾಗ ಅವರೇ ಕೇಳಿದರು, "ಬರ್ತಾನಾ ಅವನು?"

"ನಾನು ಸಹಿ ಹಾಕಿದ್ರೆ ಬರ್ತಾನೆ. ಹಾಕ್ಲಾ ಬೇಡ್ವಾ ಅಂತ ನಂಗೆ ತಿಳೀತಿಲ್ಲ."

"ನನ್ನನ್ನ ಕೇಳ್ಬೇಡಿ. ಹಾಕಿ ಅಂತ ನನ್ನ ಬಾಯಲ್ಲಿ ಬರಲ್ಲ. ಹಾಕ್ಬೇಡಿ ಅಂತಾನೂ ಬರಲ್ಲ." ಮನೆಯ ಮುಂದೆ ಇಳಿಯುವಾಗ, "ಗುರುವಾರ ನಾನು ಬರೋ ಹೊತ್ತಿಗೆ ಅವನು ಮನೇಲಿ ಇರ್ಬಾರ್ದು. ಅಷ್ಟೇ" ಅಂದರು.

ಹೇಳು, ಇದಕ್ಕೆ ಏನು ಅರ್ಥ? ಬರಲಿ ಎಂದೇ? ಬೇಡ ಎಂದೇ? ಐದು ದಿನದಿಂದ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಅತ್ತ ದರಿ, ಇತ್ತ ಪುಲಿ. ಈಗ ನೀನು ಬರೆಯಬಹುದು.

ಅಕ್ಕ


ಜುಲೈ ೩೦

ಅಕ್ಕಾ,

ಅವರ ಮಾತನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವರಿಗೆ ಕಳಿಸಲು ಒಂದು ಕಾಗದ ಬರೆಯಲು ಕೂತೆ. 'ಕ್ಷಮಿಸಿ' ಎಂದು ಬರೆದೆ. ಆ ಮಾತು ಅವರಿಂದ ಏನನ್ನೋ ಕೇಳುತ್ತಿದೆ ಅನ್ನಿಸಿತು. ಅವರಲ್ಲಿ ಇನ್ನೂ ಏನು ಕೇಳಲಿ ನಾನು? ಹರಿದುಹಾಕಿದೆ.

ನೀನು ಡ್ಯೂಟಿಯಲ್ಲಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಬೆನ್ನುನೋವು ಎಂದು ನಂಬಿ, ಬಿಸಿನೀರಿನ ಚೀಲ ಇಟ್ಟುಕೋ ಎಂದು ಬರೆದಿದ್ದೆ.

ನಿನಗೆ ಆಗದಿದ್ದರೆ ಸಹಿ ಹಾಕಬೇಡ. ನಾನು ಇದನ್ನು ದೊಡ್ಡತನಕ್ಕೆ ಹೇಳುತ್ತಿಲ್ಲ, ಹೊರಗೆ ಬರುವುದೆಂದರೆ ನನಗೂ ಹೆದರಿಕೆ. ಬಿಡುಗಡೆಯಾದವರಿಗೆ ಒಂದು ವಸತಿಗೃಹ ಇದೆಯಂತೆ, ಒಂದು ಕೋಣೆಗೆ ಆರು ಜನ. ಇಲ್ಲಿ ಎಂಟು ಜನ, ಅಲ್ಲಿ ಇಬ್ಬರು ಕಡಿಮೆ, ಬೇಸ್‌ನಿಂದ ಮಿಡ್‌ಗೆ ಏರಿದ ಹಾಗೆ. ದರ್ಜಿ ಹೇಳಿದ ಜೋಕು ಇದು, ನನಗೆ ಈಗ ಬರುವುದಿಲ್ಲ.

ಸಹಿ ಹಾಕಿದರೂ ಕರೆದುಕೊಂಡು ಹೋಗಲು ಬರಬೇಡ. ಬಸ್ಸಿನಲ್ಲಿ ಬರುತ್ತೇನೆ. ಆ ಮಂಚ ಅವರಿಗೇ ಇರಲಿ, ನನಗೆ ಅಡುಗೆಮನೆ ಪಕ್ಕದ ಜಾಗ ಸಾಕು. ಗುರುವಾರ ಬೆಳಗಾಗುತ್ತಲೇ ಹೊರಗೆ ಹೋಗುತ್ತೇನೆ, ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಗ್ಯಾರೇಜ್ ಕೆಲಸಕ್ಕೆ ಹೋಗುವುದಿಲ್ಲ. ಕೊಟ್ಟರೂ ಹೋಗುವುದಿಲ್ಲ. ಬೇರೆ ಏನು ಬರುತ್ತದೆ ಎಂದು ಕೇಳಿದರೆ, ತಿಳಿಯದು.

ಕಾರು ಯಾವುದಾಯಿತು?

ತಮ್ಮ


ಆಗಸ್ಟ್ ೨೬

ತಮ್ಮಾ,

ಟಾಪ್ ಬುಕ್ ಮಾಡಿದೆ. ಎಂಟು ಸ್ಪೀಕರಿಗೂ ಅಲ್ಲ, ದರ್ಜಿಯ ಜೋಡಿ ಹೊಲಿಗೆಗೂ ಅಲ್ಲ. ಆ ಒಂದು ಹಿಡಿಕೆಗೆ.

ಈ ತಿಂಗಳ ಹತ್ತನೇ ತಾರೀಖು ಕಾರು ಕೊಡುತ್ತೇವೆಂದು ಕರೆದರು. ಹೋದೆ. ಬಿಳಿ ಕಾರು, ಹಿಂದೆ ಟಾಪ್ ಎಂದು ಹೊಳೆಯುವ ಅಕ್ಷರ. ನಗುಮುಖ ಒಂದು ಹಾಳೆ ಮುಂದಿಟ್ಟ. ಐವತ್ತೆರಡು ಸಾಲು, ಪ್ರತಿ ಸಾಲಿನ ಎದುರೂ ಆಗಲೇ ಗುರುತು ಹಾಕಿಯಾಗಿತ್ತು. ಬ್ರೇಕ್ ಸರಿಯಿದೆ, ದೀಪ ಸರಿಯಿದೆ, ಸೀಟು ಸರಿಯಿದೆ. ಕೆಳಗೆ, 'ಮೇಲಿನ ಎಲ್ಲವನ್ನೂ ನಾನು ಖುದ್ದಾಗಿ ಪರಿಶೀಲಿಸಿದ್ದೇನೆ.'

"ಇಲ್ಲೊಂದು ಸಹಿ ಮೇಡಂ, ಬರೀ ಫಾರ್ಮಾಲಿಟಿ" ಅಂದ.

ಹನ್ನೆರಡು ಗಂಟೆಗೆ ಹೆಡ್‌ಮಾಸ್ಟರ ಮನೆಗೆ ಹೋಗಬೇಕಿತ್ತು. ಅವನು ಪೆನ್ನು ಕೊಟ್ಟ, ನಾನು ತೆಗೆದುಕೊಂಡೆ. ಹೆಸರಿನ ಅರ್ಧ ಬರೆದಾಗಿತ್ತು ಕಣೋ. ಅರ್ಧ ಬರೆದಾಗಿತ್ತು. ಆಗ ಕೈ ನಿಂತಿತು.

ಇದರಿಂದ ನೀನು ಮಾಡಿದ್ದು ಒಂದಿಷ್ಟೂ ಸಣ್ಣದಾಗುವುದಿಲ್ಲ. ಎರಡು ಜೀವ ಹೋದವು. ನಾನು ಹೇಳುತ್ತಿರುವುದು ಇಷ್ಟೇ, ನನ್ನ ಸಹಿಯ ಅರ್ಧ ಭಾಗ ಆ ಹಾಳೆಯ ಮೇಲಿತ್ತು, ನಾನು ಇನ್ನೂ ಕಾರಿನ ಬಾಗಿಲು ಕೂಡ ತೆರೆದಿರಲಿಲ್ಲ.

"ಒಂದೊಂದೇ ತೋರ್ಸಪ್ಪ" ಅಂದೆ.

"ಐವತ್ತೆರಡೂನಾ?"

"ಐವತ್ತೆರಡೂ."

ಅವತ್ತು ಮೊದಲ ಸಲ ಅವನ ಮುಖದಿಂದ ನಗು ಹೋಯಿತು. ನೋಡಿದರೆ ಪಾಪ, ಸುಸ್ತಾದ ಮುಖ. ಹೆಡ್‌ಮಾಸ್ಟರ ಹೆಂಡತಿಗೆ ಫೋನ್ ಮಾಡಿ ತಡವಾಗುತ್ತದೆಂದು ಹೇಳಿದೆ. ಮೂರು ಗಂಟೆ ಹಿಡಿಯಿತು. ಕಾರನ್ನು ಮೇಲೆತ್ತಿಸಿ ಕೆಳಗೆ ಹೋಗಿ ನಾಲ್ಕೂ ಚಕ್ರದ ಪೈಪಿಗೆ ಬೆರಳಿಟ್ಟು ನೋಡಿದೆ. ಒಣಗಿತ್ತು. ಕೈಗವಸು ಹಾಕಿ ನರ್ಸ್ ಬ್ರೇಕ್ ನೋಡುವುದನ್ನು ನೋಡಲು ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಬಂದು ನಿಂತಿದ್ದರು.

ನಲವತ್ತೊಂದನೆಯ ಸಾಲಿಗೆ ಬಂದಾಗ ಪಕ್ಕದ ಸೀಟಿನ ಹಿಡಿಕೆ ಹುಡುಕಿದೆ. ಹಿಡಿಕೆಯೇ ಇಲ್ಲ! ಹಾಳೆಯಲ್ಲಿ ಗುರುತು ಇತ್ತು, ಸೀಟಿನಲ್ಲಿ ಹಿಡಿಕೆ ಇರಲಿಲ್ಲ. ಮಿಡ್‌ನ ಸೀಟು ಹಾಕಿ ಕಳಿಸಿದ್ದರು. ನಗುಮುಖ ನನಗಿಂತ ಹೆಚ್ಚು ಗೊಂದಲಕ್ಕೆ ಬಿದ್ದ. ಪುಸ್ತಿಕೆ ತಂದ, ಇನ್ನೊಂದು ಪುಸ್ತಿಕೆ ತಂದ, ಒಳಗೆ ಹೋಗಿ ಯಾರನ್ನೋ ಕೂಗಿದ. "ಹೇಗೆ ಮೇಡಂ ಇದು? ಗುರ್ತು ಇದೆಯಲ್ಲಾ?" ಎಂದು ನನ್ನನ್ನೇ ಕೇಳಿದ. ಕಾರು ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆ. ಎರಡು ವಾರದ ಮೇಲೆ, ನಿನ್ನೆ, ಸರಿಯಾದದ್ದು ಬಂತು. ಅದರ ಐವತ್ತೆರಡನ್ನೂ ನೋಡಿದೆ. ಈ ಸಲ ಅವನೇ ಮುಂದೆ ನಿಂತು ತೋರಿಸಿದ.

ಮನೆಗೆ ಬಂದು ಬೀರುವಿನ ಮೇಲಿನ ಫಾರಂ ತೆಗೆದು ಪೂರ್ತಿ ಓದಿದೆ. ಆರು ತಿಂಗಳಲ್ಲಿ ಮೊದಲ ಸಲ ಪೂರ್ತಿ. 'ಈ ವ್ಯಕ್ತಿಯ ಅಪರಾಧದ ಸ್ವರೂಪ ನನಗೆ ತಿಳಿದಿದೆ' ಎಂಬ ಸಾಲಿದೆ. ಮಾರ್ಚಿನಲ್ಲಿ ಹಾಕಿದ್ದರೆ ಅದು ಸುಳ್ಳು ಸಹಿಯಾಗುತ್ತಿತ್ತು. ಈಗ ತಿಳಿದಿದೆ. ಸಹಿ ಹಾಕಿ ಅಂಚೆಗೆ ಹಾಕಿದೆ. ಸರಿ ಮಾಡಿದೆನೋ ತಪ್ಪೋ ಎಂದು ಕೇಳಬೇಡ. ಪೆಟ್ಟಿಗೆಯೊಳಗೆ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಅಲ್ಲೇ ನಿಂತಿದ್ದೆ, ಕೈ ಹಾಕಿದರೆ ಸಿಗುತ್ತದೇನೋ ಅಂತ.

ಮಂಚ ಅವರದ್ದೇ. ನಿನಗೆ ಹಾಸಿಗೆ ಹೊಲಿಸಿದ್ದೇನೆ, ನಡುಮನೆಯಲ್ಲಿ ಹಾಸಿಕೊಳ್ಳುವೆಯಂತೆ. ಗುರುವಾರದ ವಿಷಯ ನೀನೇ ಹೇಳಿದ್ದೀಯ, ನಾನು ಎರಡನೆಯ ಸಲ ಹೇಳುವುದಿಲ್ಲ.

ಬಸ್ಸು ಬೇಡ. ನಿನ್ನನ್ನು ಕರೆತರಲು ಬರುತ್ತೇನೆ, ಕಾರು ತರುತ್ತೇನೆ. ನೀನು ಹಿಂದೆ ಕೂರಬೇಕು. ಮುಂದಿನ ಸೀಟನ್ನು ಅವರ ಎತ್ತರಕ್ಕೆ ಏರಿಸಿ ಇಟ್ಟಿದ್ದೇನೆ, ಅದನ್ನು ಯಾರೂ ಅಲ್ಲಾಡಿಸುವಂತಿಲ್ಲ.

ಅಕ್ಕ